ನಂಜಮ್ಮನವರ ನಿಂತುಹೋದ ಮಾತು

"ನಮ್ಮಪ್ಪಾಜಿ ಮೈಕ್ ರೂಮ್ ಬೀಗದ ಕೈ ವಾಪಸ್ ಕೊಟ್ಬುಟ್ರು ಕಣೇ."

ನಾನು ಬಾಯಿಗೆ ಇಡಬೇಕೆಂದಿದ್ದ ಬೋಂಡ ಅರ್ಧದಲ್ಲೇ ನಿಂತಿತು. "ಯಾರಿಗೆ?"

"ಇನ್ಯಾರ್ಗೆ, ಗಂಗಾಂಬಿಕೆ ಮೇಡಂಗೆ. ಬೆಳಿಗ್ಗೆ ಪ್ರೇಯರ್‌ಗೂ ಮುಂಚೆ ಓಗಿ ಟೇಬಲ್ ಮ್ಯಾಲೆ ಮಡಗ್ಬುಟ್ಟು ಬಂದವ್ರೆ. ನಂಗೂ ಏಳಿಲ್ಲ."

"ಮೇಡಂ ಬೈದ್ರಾ?"

"ಯಾರೂ ಬೈದಿಲ್ಲ. ಬೈದಿದ್ರೆ ವಾಸಿ ಇತ್ತು, ಓಗಿ ಜಗಳ ಆಡ್ಬೋದಿತ್ತು." ಮಾನ್ಯ ತನ್ನ ತಟ್ಟೆಯಲ್ಲಿದ್ದ ಬೋಂಡವನ್ನೂ ನನ್ನ ಕಡೆ ತಳ್ಳಿದಳು. "ತಿನ್ನು. ನಂಗ್ ಸೇರ್ತಿಲ್ಲ."

ಮಾನ್ಯ ಮತ್ತು ನಾನು ಹೊಳೆನರಸೀಪುರದಲ್ಲಿ ಸೆಕೆಂಡ್ ಪಿಯು. ಒಂದನೇ ಕ್ಲಾಸಿನಿಂದಲೂ ಒಂದೇ ಸಂಸ್ಥೆ, ಒಂದೇ ಬೆಂಚು. ಅವಳ ಅಪ್ಪ ರುದ್ರಯ್ಯ ಅದೇ ಸಂಸ್ಥೆಯಲ್ಲಿ ಅಟೆಂಡರ್. ಆದರೆ ಅವರನ್ನು ಅಟೆಂಡರ್ ಎಂದು ಯಾರೂ ಕರೆಯುವುದಿಲ್ಲ. ಊರಿಗೆಲ್ಲ ಅವರು ಮೈಕ್ ರುದ್ರಣ್ಣ. ನಮ್ಮ ಸ್ಕೂಲಿನ ರಂಗಮಂದಿರದಲ್ಲಿ ಇಪ್ಪತ್ತೆರಡು ವರ್ಷದಿಂದ ಯಾರು ಮಾತನಾಡಿದರೂ, ಹಾಡಿದರೂ, ನಾಟಕದಲ್ಲಿ ಸತ್ತರೂ, ಆ ಸದ್ದು ಅವರ ಕೈ ದಾಟಿಯೇ ಹೊರಗೆ ಬರಬೇಕು. ಯಾರಾದರೂ ಮೈಕಿನ ತಲೆಗೆ ಬೆರಳಿನಿಂದ ಕುಟ್ಟಿ ಹಲೋ ಹಲೋ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಅದ್ಯಾಕ್ ಸಾ ಬಾಗ್ಲು ತಟ್ದಂಗೆ ತಟ್ತೀರಿ, ಅದು ಒಳಗೇ ಅದೆ" ಎನ್ನುತ್ತಿದ್ದರು. ಎಂಎಲ್ಎ ಬಂದರೂ ಅದೇ ಮಾತು.

ಭಾನುವಾರ ನಡೆದದ್ದು ನನಗೂ ಗೊತ್ತಿತ್ತು. ನಾನೂ ಅಲ್ಲೇ ಇದ್ದೆ.

ಕೃಷ್ಣಪ್ಪ ಮೇಷ್ಟ್ರು ತೀರಿಹೋಗಿ ಹದಿನೈದು ದಿನವಾಗಿತ್ತು. ಮಕ್ಕಳ ಕೈಲಿ ಮೂವತ್ತು ವರ್ಷ ನಾಟಕ ಮಾಡಿಸಿದವರು, ಈ ರಂಗಮಂದಿರ ಆಗಲೇಬೇಕೆಂದು ಊರೂರು ಸುತ್ತಿದವರು. ಅವರಿಗೆ ಭಾನುವಾರ ನುಡಿನಮನ ಇಟ್ಟುಕೊಂಡಿದ್ದರು. ಅರಕಲಗೂಡು, ಚನ್ನರಾಯಪಟ್ಟಣದಿಂದಲೂ ಹಳೆಯ ವಿದ್ಯಾರ್ಥಿಗಳು ಬಂದು ಹಾಲ್ ತುಂಬಿತ್ತು. ಒಬ್ಬರಾದ ಮೇಲೆ ಒಬ್ಬರು ಮಾತನಾಡಿದರು. ಮೈಕು ನಡುನಡುವೆ ಕರಕರ ಎನ್ನುತ್ತಿತ್ತು. ಅದು ಒಂದೆರಡು ವರ್ಷದಿಂದ ಇದ್ದದ್ದೇ. ರುದ್ರಣ್ಣ ಹೋಗಿ ಪ್ಲಗ್ಗನ್ನು ಒಂದು ಸಲ ಅಲ್ಲಾಡಿಸಿದರೆ ಸರಿಹೋಗುತ್ತಿತ್ತು.

ಕೊನೆಗೆ ಮೇಷ್ಟ್ರ ಹೆಂಡತಿ ನಂಜಮ್ಮನವರು ಎದ್ದರು. ಅವರು ಯಾವತ್ತೂ ಸ್ಟೇಜ್ ಹತ್ತಿದವರಲ್ಲ. ಗಂಡನ ನಾಟಕಗಳಿಗೂ ಹಿಂದಿನ ಬಾಗಿಲ ಹತ್ತಿರ ನಿಂತು ನೋಡಿ ಹೋಗುತ್ತಿದ್ದರಂತೆ. ಎರಡೂ ಕೈಯಲ್ಲಿ ಮೈಕ್ ಹಿಡಿದುಕೊಂಡು, ಸೆರಗು ಸರಿಮಾಡಿಕೊಂಡು ಶುರುಮಾಡಿದರು.

"ಇವ್ರು ಮನೇಲಿ ಯಾವತ್ತೂ..."

ಕರ್ರ್ ಎಂದು ಸದ್ದು ಸತ್ತುಹೋಯಿತು. ರುದ್ರಣ್ಣ ಓಡಿಬಂದು ಪ್ಲಗ್ ಅಲ್ಲಾಡಿಸಿದರು. ಸದ್ದು ಬಂತು. ನಂಜಮ್ಮನವರು ಪಾಠ ಒಪ್ಪಿಸುವ ಮಗುವಿನ ಹಾಗೆ ಮತ್ತೆ ಮೊದಲಿನಿಂದ ಶುರುಮಾಡಿದರು. "ಇವ್ರು ಮನೇಲಿ ಯಾವತ್ತೂ..." ಮತ್ತೆ ಕರ್ರ್. ಮೂರನೇ ಸಲ ಅದೇ ಮಾತು ಅಲ್ಲಿಗೇ ಬರುವಷ್ಟರಲ್ಲಿ ಸ್ಪೀಕರ್ ಹಂದಿ ಕಿರುಚಿದ ಹಾಗೆ ಕಿರುಚಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅದನ್ನು ಕೇಳಿ ಇನ್ನೊಂದಿಬ್ಬರು ನಕ್ಕರು.

ಮೊದಲು ನಕ್ಕವಳು ನಾನು. ನನಗೆ ನಗು ಬರುವುದಕ್ಕೆ ಹೊತ್ತುಗೊತ್ತು ಇಲ್ಲ. ಸಾವಿನ ಮನೆಯಲ್ಲೂ ಬರುತ್ತದೆ, ಪರೀಕ್ಷೆಯಲ್ಲೂ ಬರುತ್ತದೆ.

ನಂಜಮ್ಮನವರು ತಲೆ ಎತ್ತಿ ನಮ್ಮೆಲ್ಲರ ಕಡೆ ನೋಡಿದರು. ಮೈಕನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿ, ಕೈಮುಗಿದು, ಇಳಿದು ಹೋಗಿ ಕುಳಿತುಬಿಟ್ಟರು. ವಂದನಾರ್ಪಣೆ ಆಯಿತು. ಉಪ್ಪಿಟ್ಟು ಕೊಟ್ಟರು. ರುದ್ರಣ್ಣ ಮಾತ್ರ ಸ್ಟೇಜಿನ ಪಕ್ಕ ಪ್ಲಗ್ ಕೈಲಿ ಹಿಡಿದು ಕುಕ್ಕರಗಾಲಲ್ಲಿ ಕುಳಿತೇ ಇದ್ದರು.

"ನಿನ್ನೆಯಿಂದ ಊಟಾನೇ ಸರ್ಯಾಗ್ ಮಾಡಿಲ್ಲ" ಎಂದಳು ಮಾನ್ಯ. "ಗಂಡನ್ ಕಳ್ಕಂಡೋರ ಬಾಯಿಂದ ಮಾತ್ ಕಿತ್ಕಂಡೆ ಅಂತವ್ರೆ. ಇನ್ ಆ ರೂಮಿಗೆ ಕಾಲ್ ಮಡಗಲ್ವಂತೆ."

"ಅವರದೇನೇ ತಪ್ಪು? ಮೆಷೀನು ಕಣೇ. ಯಾವುದೋ ಇಲಿ ಕಡ್ದಿರುತ್ತೆ."

ಮಾನ್ಯ ನನ್ನ ಮುಖ ನೋಡಿದಳು. "ಅದ್ನೇ ನಾನು ಯೋಚ್ನೆ ಮಾಡಿದ್ದು. ಏನಾಗದೆ ಅಂತ ಬಿಚ್ಚಿ ನೋಡಣ. ಇಂಥದ್ದು ಕೆಟ್ಟದೆ, ನಿಮ್ದಲ್ಲ ತಪ್ಪು ಅಂತ ಕಣ್ಮುಂದೆ ತೋರ್ಸಿದ್ರೆ ಬತ್ತಾರೆ. ಇಲ್ದಿದ್ರೆ ಆ ರೂಮ್ ಬುಟ್ಟು ಅವರು ಬದ್ಕಲ್ಲ ಕಣೇ. ಮನೇಲಿ ಟೀವಿ ಸದ್ದೂ ಬ್ಯಾಡ ಅಂತವ್ರೆ."

ಗಂಗಾಂಬಿಕೆ ಮೇಡಂ ಕೀ ಕೊಡುವುದಕ್ಕೆ ತಕರಾರು ಮಾಡಲಿಲ್ಲ. "ನಾನವರಿಗೆ ಒಂದು ಮಾತೂ ಅನ್ನಲಿಲ್ಲ ಕಣಮ್ಮ. ತಗೊಂಡು ಹೋಗಿ ರುದ್ರಯ್ಯ ಅಂತ ಎರಡು ಸಲ ಹೇಳ್ದೆ. ತಲೆ ಎತ್ತಲಿಲ್ಲ. ಶುಕ್ರವಾರ ನಾಟಕ ಇದೆ, ಅಷ್ಟರಲ್ಲಿ ಅವರು ಮನಸ್ಸು ಮಾಡದಿದ್ರೆ ಹಾಸನದಿಂದ ಮೈಕ್ ಸೆಟ್ ತರಿಸ್ತೀನಿ, ಇನ್ನೇನು ಮಾಡ್ಲಿ" ಎಂದರು. ನಾವು ಬಾಗಿಲವರೆಗೆ ಹೋದಾಗ ಹಿಂದಿನಿಂದ ಕೂಗಿದರು, "ಹಂಸ, ನೀನು ಮಾತ್ರ ಕರೆಂಟಿನ ತಂಟೆಗೆ ಹೋಗಬೇಡ."

ಹಾಸನದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು ನನ್ನ ದೊಡ್ಡಪ್ಪನ ಮಗ ಕೇದಾರ್. ಅವನಿಗೆ ಫೋನ್ ಮಾಡಿದೆ.

"ಮೊದ್ಲು ಮೇನ್ ಸ್ವಿಚ್ ಆಫ್ ಮಾಡು. ಆಮೇಲೆ ಬಾಯಿ ಬಿಡು" ಎಂದ.

"ಮಾಡಿದೀನಿ."

"ನಿಜ ಹೇಳು."

"ಈಗ ಮಾಡಿದೆ."

"ನಿನ್ನನ್ನ ಕಾಲೇಜಿಗೆ ಸೇರ್ಸಿದ್ದೇ ನಮ್ಮ ಚಿಕ್ಕಪ್ಪನ ದೊಡ್ಡ ತಪ್ಪು" ಎಂದು ಗೊಣಗಿದ. ಆದರೂ ಮಂಗಳವಾರ ಬೆಳಿಗ್ಗೆಯೇ ಹಾಸನದ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಸ್ಪ್ರೇ ಡಬ್ಬ ಕಳಿಸಿದ. ಪ್ಲಗ್, ಸಾಕೆಟ್‌ಗಳ ಒಳಗಿನ ಕೊಳೆ ತೆಗೆಯುವುದಕ್ಕೆಂದೇ ಬರುವ ಸ್ಪ್ರೇ ಅದು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ, ಹಚ್ಚಿದ ತಕ್ಷಣ ಆರಿಹೋಗುವ ಸ್ಪಿರಿಟ್ಟನ್ನೂ, ಕಿವಿಗೆ ಹಾಕುವ ಹತ್ತಿ ಕಡ್ಡಿಗಳನ್ನೂ ತರಲು ಹೇಳಿದ. ಮರಳು ಕಾಗದದಲ್ಲಿ ಮಾತ್ರ ಉಜ್ಜಬೇಡಿ ಎಂದು ಮೂರು ಸಲ ಹೇಳಿದ. ಮೂರನೇ ಸಲ ಮಾನ್ಯಳಿಗೆ ಫೋನ್ ಕೊಡಿಸಿ ಅವಳಿಗೆ ಹೇಳಿದ, ನನ್ನನ್ನು ನಂಬದೆ.

ಮೈಕ್ ರೂಮ್ ಎಂದರೆ ಸ್ಟೇಜಿನ ಎಡಕ್ಕೆ, ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಒಳಗೆ ಒಂದು ಕೂದಲೂ ಬಿದ್ದಿರಲಿಲ್ಲ. ಮೈಕುಗಳಿಗೆ ಹಳೆಯ ಪಂಚೆ ಹರಿದು ಹೊಲಿದ ಚೀಲಗಳು. ವೈರುಗಳು ಒಂದೊಂದೂ ಸುರುಳಿ ಸುತ್ತಿ ಮೊಳೆಗೆ ನೇತುಹಾಕಿವೆ, ಮೊಳೆಯ ಮೇಲೆ ಸೀಮೆಸುಣ್ಣದಲ್ಲಿ ನಂಬರ್. ಆಂಪ್ಲಿಫೈಯರ್ ಹಣೆಗೆ ಮೂರು ಬೆರಳಿನ ವಿಭೂತಿ. ಹೋದ ತಿಂಗಳ ಆಯುಧಪೂಜೆಯದು, ಇನ್ನೂ ಅಳಿಸಿರಲಿಲ್ಲ.

"ಇಷ್ಟು ಚೆನ್ನಾಗಿಟ್ಟುಕೊಂಡಿರೋ ಕಡೆ ಇಲಿಗೂ ಬರಕ್ಕೆ ನಾಚಿಕೆ ಆಗುತ್ತೆ ಕಣೇ" ಎಂದೆ. ಮಾನ್ಯ ನಗಲಿಲ್ಲ.

ನೆಲದ ಮೇಲೆ ಪೇಪರ್ ಹಾಸಿ, ಒಂದನೇ ನಂಬರಿನ ವೈರ್ ತೆಗೆದುಕೊಂಡೆವು. ಮೈಕಿಗೆ ಸಿಗಿಸುವ ತುದಿಯ ಪ್ಲಗ್ ಹೊರಗೆ ಫಳಫಳ ಹೊಳೆಯುತ್ತಿತ್ತು. ಕೇದಾರ್ ವಿಡಿಯೋ ಕಾಲಿನಲ್ಲಿ ತೋರಿಸಿದ ಹಾಗೆ ಹಿಂಭಾಗ ತಿರುಗಿಸಿ ಬಿಚ್ಚಿದೆ.

ಒಳಗೆ ಹೊಳಪಿರಲಿಲ್ಲ. ಪಿನ್ನುಗಳ ಬುಡದಲ್ಲಿ ಬಾವಿಯ ಕಲ್ಲಿಗೆ ಪಾಚಿ ಹಿಡಿದ ಹಾಗೆ ಹಸಿರು ಕಿಲುಬು. ಅದರ ಸುತ್ತ ಕಂದು ಬಣ್ಣದ ಅಂಟು. ಹತ್ತಿ ಕಡ್ಡಿ ಹಾಕಿ ತಿರುಗಿಸಿದರೆ ಅಂಟಿನ ಜೊತೆ ಕುಂಕುಮದ ಕೆಂಪು ಬಂತು, ಅದರೊಳಗೆ ಒಂದು ಸಣ್ಣ ನಾರು.

"ಇದೇನೇ ಇದು, ಪುಳಿಯೋಗರೆ ಗೊಜ್ಜಾ?"

ನಾನು ತಮಾಷೆಗೆ ಅಂದದ್ದು. ಮಾನ್ಯ ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಎರಡನೇ ನಂಬರಿನ ಪ್ಲಗ್ ತೆಗೆದು ತಾನೇ ಬಿಚ್ಚಿದಳು. ಮೂರನೆಯದು. ನಾಲ್ಕನೆಯದು. ಎಲ್ಲದರಲ್ಲೂ ಅದೇ.

"ಹುಣ್ಸೆಹಣ್ಣು" ಎಂದಳು.

ಫೋನಿನಲ್ಲಿ ಕೇದಾರ್ ಜೋರಾಗಿ ನಕ್ಕ. "ಅಲ್ಲಾ, ಯಾವ ಪುಣ್ಯಾತ್ಮ ಮಾಡಿದ್ದು ಈ ಕೆಲಸಾನ? ಅದೇನು ಹಿತ್ತಾಳೆ ಬಿಂದಿಗೆನಾ? ಪಿನ್ ಮೇಲೆ ಕಾಗದಕ್ಕಿಂತ ತೆಳ್ಳಗೆ ಒಂದು ಲೇಪ ಇರುತ್ತೆ. ಹುಳಿ, ಉಪ್ಪು ಬಿದ್ರೆ ಅದೆಲ್ಲ ಎದ್ದು ಹೋಗುತ್ತೆ. ಮೇಲೆ ಹೊಳೆಯುತ್ತೆ, ಒಳಗೆ ತೇವ ನಿಂತು ಕಿಲುಬು ಹಿಡಿಯುತ್ತೆ. ಆಮೇಲೆ ಕರಕರ ಅನ್ನದೆ ರಾಗ ಹಾಡುತ್ತಾ?"

ನಾನು ಫೋನನ್ನು ಬೋರಲು ಹಾಕಿದೆ. ಅಷ್ಟರಲ್ಲಿ ಮಾನ್ಯ ಎಲ್ಲವನ್ನೂ ಕೇಳಿಸಿಕೊಂಡಾಗಿತ್ತು.

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ಅಜ್ಜಿ ದೀಪದ ಕಂಬಗಳನ್ನು ಹುಣಸೆಹಣ್ಣಿನಲ್ಲಿ ಬೆಳಗುತ್ತಾರೆ. ಮಾನ್ಯಳ ಮನೆಯಲ್ಲಿ ಬೆಳಗುತ್ತಿದ್ದದ್ದು ಇವನ್ನು. ರುದ್ರಣ್ಣ ಸಂಜೆ ವೈರುಗಳನ್ನೆಲ್ಲ ಹೆಗಲಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದರಂತೆ. ಅವಳ ಅಮ್ಮ ಮಧ್ಯಾಹ್ನವೇ ಹುಣಸೆಹಣ್ಣಿಗೆ ಉಪ್ಪು ಹಾಕಿ ನೆನೆಸಿಟ್ಟಿರುತ್ತಿದ್ದರು. ಹಿತ್ತಲಲ್ಲಿ ಮೂವರೂ ಕುಳಿತು ಒಂದೊಂದು ಪಿನ್ನನ್ನೂ ಉಜ್ಜಿ, ತೊಳೆದು, ಮಾರನೇ ಬೆಳಿಗ್ಗೆ ಬಿಸಿಲಿಗೆ ಹಾಕುವುದು. ಸ್ಟೇಜಿನ ಪಕ್ಕದ ಸಾಕೆಟ್ಟುಗಳಿಗೆ ಕಡ್ಡಿಗೆ ಬಟ್ಟೆ ಸುತ್ತಿ ಅದೇ ನೀರು. ಕೊನೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ. ದೊಡ್ಡ ಮೈಕಿಗೆ ಒಂದು ಸೇವಂತಿಗೆ.

"ಅವ್ವ ಓಗಿ ಆರ್ ವರ್ಸ ಆಯ್ತು" ಎಂದಳು ಮಾನ್ಯ. "ಆಮ್ಯಾಕೆ ನಾನೇ ಉಜ್ತಿರೋದು. ಈ ವರ್ಸ ಅಪ್ಪಾಜಿಗೆ ಜ್ವರ ಬಂದಿತ್ತು. ಎಲ್ಲಾನೂ ಒಬ್ಳೇ ಮಾಡ್ದೆ. ಸಾಕೆಟ್ಟೂವೆ. ಕರಕರ ಜಾಸ್ತಿ ಆಗದೆ, ಸರ್ಯಾಗ್ ಉಜ್ಜು ಮಗ ಅಂದಿದ್ರು. ಎರಡ್ ಸಲ ಉಜ್ದೆ."

ನಾನು ಕೈಲಿದ್ದ ಪ್ಲಗ್ಗನ್ನು ಮೆಲ್ಲಗೆ ಪೇಪರಿನ ಮೇಲೆ ಇಟ್ಟೆ.

"ಅಪ್ಪಾಜಿಗೆ ಏಳ್ಬ್ಯಾಡ ಕಣೇ" ಎಂದಳು. "ಇಲಿ ಅಂತಾನೇ ಏಳಣ. ನಿನ್ ಬಾಯಲ್ಲಿ ಎಳ್ಳು ನೆನೆಯಲ್ಲ ಅಂತ ಗೊತ್ತು, ಅದ್ಕೇ ಈಗ್ಲೇ ಕೈ ಮುಗೀತೀನಿ."

"ನಮ್ಮಜ್ಜಿ ಮೇಲಾಣೆ, ಹೇಳಲ್ಲ."

"ನಿಮ್ಮಜ್ಜಿಗೆ ಎಂಬತ್ತೊಂಬತ್ತು. ಬ್ಯಾರೆ ಯಾರ್ದಾರ ಮ್ಯಾಲೆ ಇಕ್ಕು."

ಇಬ್ಬರೂ ಕುಳಿತು ಕ್ಲೀನ್ ಮಾಡಿದೆವು. ಸ್ಪಿರಿಟ್ಟಿನಲ್ಲಿ ಕಡ್ಡಿ ಅದ್ದಿ, ಪಿನ್ನಿನ ಬುಡದಿಂದ ತುದಿಯವರೆಗೆ ಒರೆಸುವುದು. ಕಡ್ಡಿ ಕಪ್ಪಾದರೆ ಎಸೆದು ಇನ್ನೊಂದು. ಅಂಟು ಬಿಟ್ಟುಕೊಂಡ ಮೇಲೆ ಸ್ಪ್ರೇ. ಆರುವವರೆಗೆ ಕಾಯುವುದು. ಸಾಕೆಟ್ಟುಗಳಿಗೆ ಸ್ಪ್ರೇ ಹೊಡೆದು, ಪ್ಲಗ್ಗನ್ನು ಹತ್ತಾರು ಸಲ ಸಿಗಿಸಿ ತೆಗೆದು ಮಾಡಬೇಕು. ಹಾಗೆ ಮಾಡುವಾಗ ಒಂದು ಸಾಕೆಟ್ಟಿನಿಂದ ಸೇವಂತಿಗೆಯ ಎಸಳೊಂದು ಒಣಗಿ ಪುಡಿಯಾಗಿ ಬಂತು. ಮಾನ್ಯ ಅದನ್ನು ಅಂಗೈಯಲ್ಲಿ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿ, ಕಿಟಕಿಯಿಂದ ಹೊರಗೆ ಊದಿದಳು.

ಹನ್ನೊಂದು ವೈರಿನಲ್ಲಿ ಏಳು ಸರಿಯಾದವು. ನಾಲ್ಕಕ್ಕೆ ಲೇಪವೇ ಉಳಿದಿರಲಿಲ್ಲ, ಹಳದಿ ಹಿತ್ತಾಳೆ ಕಾಣುತ್ತಿತ್ತು. ಅವಕ್ಕೆ ಹೊಸ ಪ್ಲಗ್ಗೇ ಹಾಕಬೇಕು, ಎಷ್ಟು ಒರೆಸಿದರೂ ಅಷ್ಟೇ ಎಂದ ಕೇದಾರ್. ಇನ್ನೊಂದು ಮಾತೂ ಹೇಳಿಕೊಟ್ಟ. ವೈರ್ ಸುತ್ತಿಡುವಾಗ ಅದರ ಎರಡು ತುದಿಗಳನ್ನು ಒಂದಕ್ಕೊಂದು ಸಿಗಿಸಿಡಬೇಕು, ಆಗ ಒಳಗೆ ಧೂಳೂ ಹೋಗುವುದಿಲ್ಲ, ತೇವವೂ ಹೋಗುವುದಿಲ್ಲ. ಗೋಡೆಯ ಸಾಕೆಟ್ಟುಗಳಿಗೆ ರಬ್ಬರ್ ಮುಚ್ಚಳ ಬರುತ್ತದೆ, ಕಳಿಸುತ್ತೇನೆ ಎಂದ. "ಇಷ್ಟೇ ಕಣಮ್ಮ. ಒಣಗಿರಬೇಕು, ಮುಚ್ಚಿರಬೇಕು. ಮುಟ್ಟದೆ ಇದ್ರೆ ಇನ್ನೂ ಒಳ್ಳೇದು."

ಸಂಜೆ ನಾಲ್ಕಕ್ಕೆ ಸ್ವಿಚ್ ಹಾಕಿದೆವು. ಮಾನ್ಯ ಮೈಕ್ ಹಿಡಿದು "ಅಪ್ಪಾಜಿ" ಎಂದಳು, ಬೇರೇನೂ ತೋಚದೆ. ಖಾಲಿ ಹಾಲಿನಲ್ಲಿ ಆ ಒಂದು ಮಾತು ಕೊನೆಯ ಗೋಡೆಯವರೆಗೂ ಹೋಗಿ ನಿಂತಿತು. ಒಂದು ಕರಕರ ಇಲ್ಲ.

ರುದ್ರಣ್ಣನನ್ನು ಕರೆತರುವುದೇ ಕಷ್ಟವಾಯಿತು. ಆಫೀಸಿನ ಗಂಟೆ ಹೊಡೆದು, ಬಾಗಿಲುಗಳಿಗೆ ಬೀಗ ಹಾಕಿ, ನೇರ ಮನೆಯ ದಾರಿ ಹಿಡಿದಿದ್ದರು. ಮಾನ್ಯ ಕೈ ಹಿಡಿದು ಎಳೆದುಕೊಂಡೇ ಬಂದಳು. ಮೈಕ್ ರೂಮಿನ ಹೊಸ್ತಿಲಾಚೆಯೇ ನಿಂತರು. ನಾನು ಒಳಗಿನಿಂದ ಮೈಕಿನಲ್ಲಿ "ಅಂಕಲ್, ಕೇಳಿಸ್ತಿದೆಯಾ" ಎಂದೆ. ಅವರ ಮುಖದ ಮೇಲಿನ ಗೆರೆಗಳು ಸಡಿಲವಾದವು. ತಲೆ ಸ್ವಲ್ಪ ವಾರೆ ಮಾಡಿ, ಹಾಡು ಕೇಳುವವರ ಹಾಗೆ ಕೇಳಿದರು.

"ಕರಕರ ಓಗದೆ" ಎಂದರು. "ಏನಾಗಿತ್ತು?"

"ಇಲಿ ಅಪ್ಪಾಜಿ" ಎಂದಳು ಮಾನ್ಯ.

"ಇಲಿ ಅಂಕಲ್" ಎಂದೆ ನಾನು. "ದೊಡ್ಡದು."

ಅವರು ಹೊಸ್ತಿಲು ದಾಟಿ ಒಳಗೆ ಬಂದರು. ಲೇಪ ಹೋದ ನಾಲ್ಕು ವೈರುಗಳನ್ನು ಬೇರೆ ಇಟ್ಟಿದ್ದೆವು. ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. "ಇಲಿ ವೈರ್ ಕಡೀತದೆ ಕಣವ್ವ. ಹಿತ್ತಾಳೆ ಕಡ್ಯಾಕೆ ಅದ್ಕೇನು ಹಲ್ಲು ಜಾಸ್ತಿ ಆಗಿತ್ತಾ?"

ಆಗ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವರಿಗೆ ಸಮಾಧಾನವಾಗಲಿ ಎಂದು, ದೇವರಾಣೆಗೂ ಸಮಾಧಾನವಾಗಲಿ ಎಂದೇ, ನಾನು ಬಾಯಿ ತೆರೆದೆ. "ಬಿಡಿ ಅಂಕಲ್, ಯಾರಿಗೆ ಗೊತ್ತಿರುತ್ತೆ. ನಮ್ಮಜ್ಜಿನೂ ಎಲ್ಲಾದಕ್ಕೂ ಹುಣಸೆಹಣ್ಣೇ ಹಾಕೋದು. ಮೊನ್ನೆ ನನ್ನ ಗೆಜ್ಜೆನೂ ಹಾಕಿ..."

ಮಾನ್ಯ ಕಣ್ಣು ಮುಚ್ಚಿಕೊಂಡಳು.

ರುದ್ರಣ್ಣ ನನ್ನನ್ನು ನೋಡಿದರು. ಆಮೇಲೆ ಪೇಪರಿನ ಮೇಲೆ ರಾಶಿ ಬಿದ್ದಿದ್ದ ಕಪ್ಪು, ಕೆಂಪು, ಹಸಿರು ಹತ್ತಿ ಕಡ್ಡಿಗಳನ್ನು ನೋಡಿದರು. ಒಂದನ್ನು ಎತ್ತಿ, ಮಗಳು ಮಾಡಿದ ಹಾಗೆಯೇ ಮೂಗಿಗೆ ಹಿಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತರು. ಕೈಲಿದ್ದ ಪ್ಲಗ್ಗಿನ ಜೊತೆ ಮಾತನಾಡಿದರು, ನಮ್ಮ ಜೊತೆ ಅಲ್ಲ.

"ಕರಕರ ಅಂದಂಗೆಲ್ಲ ಇನ್ನೊಸಿ ಉಜ್ದೆ."

"ಈ ವರ್ಸ ಉಜ್ಜಿದ್ದು ನಾನು ಅಪ್ಪಾಜಿ."

"ನೀನ್ ಉಜ್ಜಿದ್ದು ನಾನ್ ಏಳ್ಕೊಟ್ಟಿದ್ದು." ಪ್ಲಗ್ಗನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದರು. "ನಿಮ್ಮವ್ವಂಗೆ ಒಂದ್ ವರ್ಸ ಬೈದಿದ್ದೆ. ಮೂಲೆ ಮುಡುಕು ಬುಟ್ಬುಟ್ಟಿದೀಯ, ಮನಸಿಟ್ಟು ಉಜ್ಜಿಲ್ಲ ಅಂತ. ಅವತ್ತೂವೆ ಅವ್ಳ ಕೈಲಿ ಆಗ್ತಿರ್ನಿಲ್ಲ. ಕಾಯ್ಲೆ ಅಂತ ಆಮ್ಯಾಕ್ ಗೊತ್ತಾಯ್ತು. ಎದ್ಕೂತು ಇನ್ನೊಂದ್ ಸಲ ಉಜ್ಜಿದ್ಲು."

ಮಾನ್ಯ ಅವರ ಪಕ್ಕ ನೆಲದ ಮೇಲೆ ಕುಳಿತು ಮೊಣಕಾಲಿಗೆ ತಲೆ ಆನಿಸಿದಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟರು. ನನಗೆ ಓಡಿಹೋಗಬೇಕೆನ್ನಿಸಿತು. ಬಾಗಿಲ ದಾರಿಯಲ್ಲಿ ಅವರೇ ಕುಳಿತಿದ್ದರು.

"ಅಮ್ಮಾವ್ರಿಗೆ ಒಂದ್ ಫೋನ್ ಮಾಡ್ಕೊಡ್ತೀಯಾ?" ಎಂದು ಇದ್ದಕ್ಕಿದ್ದಂತೆ ನನ್ನನ್ನು ಕೇಳಿದರು.

"ಯಾವ ಅಮ್ಮಾವ್ರು?"

"ನಂಜಮ್ನೋರು. ತಕೋ ನನ್ ಫೋನು, ನಂಬರ್ ಅದ್ರಲ್ಲೇ ಅದೆ. ನೀನ್ ಒತ್ತು."

ಒತ್ತಿದೆ. ಫೋನಿನ ಸ್ಪೀಕರ್ ಹಾಕಿ ಆಂಪ್ಲಿಫೈಯರ್ ಮೇಲೆ ಇಟ್ಟೆ. ನಂಜಮ್ಮನವರು ಅರಕಲಗೂಡಿನಲ್ಲಿ ತಂಗಿಯ ಮನೆಯಲ್ಲಿದ್ದರು. ಹಿಂದೆ ಯಾರೋ ಮಕ್ಕಳು ಮಗ್ಗಿ ಹೇಳುವ ಸದ್ದು ಕೇಳುತ್ತಿತ್ತು.

"ಅಮ್ಮಾವ್ರೆ, ರುದ್ರಯ್ಯ."

"ಹೇಳು ರುದ್ರಯ್ಯ. ಊಟ ಆಯ್ತಾ?"

ಅಮ್ಮಾವ್ರು ಎದುರಿಗೇ ಇರುವ ಹಾಗೆ ರುದ್ರಣ್ಣ ಸ್ಟೂಲಿನಿಂದ ಎದ್ದು ನಿಂತರು. "ಭಾನ್ವಾರ ಮೈಕ್ ಕೆಟ್ಟಿದ್ದಲ್ಲ ಅಮ್ಮಾವ್ರೆ. ಕೆಡ್ಸಿದ್ದು ನಾನು. ಹುಣ್ಸೆಹಣ್ ಆಕಿ ತೊಳೀತಿದ್ದೆ ವರ್ಸವರ್ಸ. ದೇವ್ರ ಸಾಮಾನ್ ತೊಳ್ದಂಗೆ. ಅದು ಒಳೊಳ್ಗೇ ತಿಂದ್ಬುಟ್ಟದೆ. ನಿಮ್ ಮಾತು ನಿಂತಿದ್ದು ನನ್ನಿಂದ."

"ಮೈಕಾ ಕೆಟ್ಟಿದ್ದು?" ಎಂದರು ನಂಜಮ್ಮನವರು. "ನಾನು ಏನೋ ತಪ್ಪು ಹಿಡ್ಕಂಡಿದೀನಿ ಅನ್ಕಂಡೆ ಕಣಪ್ಪ. ಯಾವತ್ತೂ ಹಿಡ್ದೋಳಲ್ವಲ್ಲ. ಯಾರೋ ನಕ್ಕಂಗೂ ಆಯ್ತು. ಸರಿ, ಜನಕ್ಕೆ ಸಾಕಾಗಿದೆ, ಕೂತ್ಕೊ ಅಂತಿದಾರೆ ಅಂತ ಕೂತೆ."

ನಾನು ಫೋನಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಈಗ ಸರಿ ಆಗದೆ ಅಮ್ಮಾವ್ರೆ. ಇನ್ನೊಂದ್ ಸಲ ಬನ್ನಿ. ನಾನು ಮೇಡಂಗೆ ಏಳ್ತೀನಿ, ಮಕ್ಳೆಲ್ಲ ಕೂರುಸ್ತೀನಿ. ಅವತ್ತು ಏಳ್ಬೇಕು ಅಂದಿದ್ದು ಏಳೋವ್ರಂತೆ. ಒಂದ್ ಅಕ್ಷರ ಓಗ್ದಂಗೆ ನಾನು ನೋಡ್ಕತೀನಿ."

"ಏನ್ ಹೇಳ್ಳಿ ರುದ್ರಯ್ಯ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಮೂರು ದಿನ ಮನಸಲ್ಲೇ ಜೋಡಿಸ್ಕಂಡಿದ್ದೆ. ಇವ್ರು ಮನೇಲಿ ಯಾವತ್ತೂ ಅಂತ ಶುರು. ಆಮೇಲಿಂದು ಅವತ್ತು ಬಾಯಿಗೇ ಬಂದು ನಿಂತಿತ್ತು. ಕೂತ್ಕಂಡ್ ಮೇಲೆ ಹುಡುಕ್ದೆ, ಸಿಕ್ಕಲಿಲ್ಲ. ನಿನ್ನೆನೂ ಹುಡುಕ್ದೆ. ಎಲ್ಲಿ ಹೋಯ್ತೋ. ಇನ್ನು ಸ್ಟೇಜ್ ಹತ್ತಿ ಮಾಡೋದೇನು?"

ರುದ್ರಣ್ಣ ಗೋಡೆಗೆ ಕೈ ಊರಿ ಕಿಟಕಿಯ ಕಡೆ ತಿರುಗಿದರು. ಅವರ ಬೆನ್ನು ಅಲುಗುತ್ತಿತ್ತು. ಮಾನ್ಯ ಎದ್ದು ಅವರ ಹತ್ತಿರ ಹೋದಳು. ಫೋನಿನ ಮುಂದೆ ಉಳಿದವಳು ನಾನೊಬ್ಬಳೇ.

"ರುದ್ರಯ್ಯ, ಇದೀಯಾ?"

"ನಕ್ಕಿದ್ದು ನಾನು" ಎಂದೆ.

"ಯಾರಮ್ಮ ಇದು?"

"ಹಂಸ. ಸೆಕೆಂಡ್ ಪಿಯು. ಭಾನುವಾರ ನಕ್ಕಿದ್ದು ನಾನು. ನಿಮಗಲ್ಲ ನಕ್ಕಿದ್ದು, ಆ ಸದ್ದಿಗೆ. ಉಳಿದೋರು ನನ್ನ ನೋಡ್ಕೊಂಡು ನಕ್ಕರು. ಜನಕ್ಕೆ ಸಾಕಾಗಿರಲಿಲ್ಲ ಅಮ್ಮ. ಎಲ್ಲರೂ ಕೇಳಬೇಕು ಅಂತಲೇ ಕೂತಿದ್ರು."

ಮಾನ್ಯ ತಿರುಗಿ ನನ್ನನ್ನು ನೋಡಿದಳು. ಅವಳಿಗೂ ಗೊತ್ತಿರಲಿಲ್ಲ. ಆ ದಿನ ಅವಳು ಅಪ್ಪನ ಜೊತೆ ಸ್ಟೇಜಿನ ಹತ್ತಿರ ಇದ್ದಳು.

"ಅವ್ರ ಕ್ಲಾಸಲ್ಲಿ ಓದಿದ್ಯಾ?" ಎಂದು ಕೇಳಿದರು ನಂಜಮ್ಮನವರು.

"ಎಂಟನೇ ಕ್ಲಾಸಲ್ಲಿ ಕನ್ನಡ ಮಾಡಿದ್ರು."

"ಆಗ್ಲೂ ನಗ್ತಿದ್ಯಾ?"

"ಹೂಂ. ಹೊರಗೆ ನಿಲ್ಲಿಸೋರು. ಕಿಟಕಿ ಹತ್ರ ನಿಲ್ಲು, ಪಾಠ ಕೇಳಿಸ್ಬೇಕು ಅನ್ನೋರು."

ಅವರು ಉಸಿರು ಬಿಟ್ಟದ್ದು ಕೇಳಿಸಿತು. ನಕ್ಕರೋ ಇನ್ನೇನೋ, ತಿಳಿಯಲಿಲ್ಲ. "ಮನೇಲಿ ಅಂಥದ್ದೆಲ್ಲ ಹೇಳ್ತಿರ್ಲಿಲ್ಲ ಅವ್ರು" ಎಂದರು. ಆಮೇಲೆ, "ಬೇರೆ ಏನೇನ್ ಮಾಡೋರು ಕ್ಲಾಸಲ್ಲಿ?"

ನಾನು ಹೇಳುವುದಕ್ಕೆ ಶುರುಮಾಡಿದೆ. ಅವರು ತಡೆದರು.

"ಫೋನಲ್ಲಿ ಬೇಡ. ಇಲ್ಲಿ ಮಕ್ಕಳ ಗಲಾಟೆ, ಸರಿಯಾಗಿ ಕೇಳಿಸಲ್ಲ. ನಾಳೆ ಬನ್ನಿ, ಮೂವರೂ. ನಂಗೆ ಹೇಳಕ್ಕೇನೂ ಇಲ್ಲ. ನೀವೇ ಹೇಳಿ, ನಾನು ಕೇಳ್ತೀನಿ. ರುದ್ರಯ್ಯನ್ನ ಬಿಟ್ಟು ಬರ್ಬೇಡಿ. ಅವ್ನು ಬರಲ್ಲ ಅಂತಾನೆ."

ಫೋನ್ ಇಟ್ಟ ಮೇಲೆ ರುದ್ರಣ್ಣ ಕಣ್ಣು ಒರೆಸಿಕೊಂಡು ವೈರುಗಳ ಹತ್ತಿರ ಕುಳಿತರು. ಹಾಸನದ ನಮ್ಮಣ್ಣ ಕೇದಾರ್ ಹೇಳಿಕೊಟ್ಟದ್ದನ್ನೆಲ್ಲ ನಾನು ಅವರಿಗೆ ಹೇಳಿದೆ. "ತುದೀಗ್ ತುದಿ ಸಿಗಿಸ್ಬೇಕಾ? ಅದೆಂಗೆ, ತೋರ್ಸು" ಎಂದರು. ಒಂದನ್ನು ಸಿಗಿಸಿ ತೋರಿಸಿದೆ. ಏಳನ್ನೂ ಹಾಗೆಯೇ ಸಿಗಿಸಿ, ಸುತ್ತಿ, ಮೊಳೆಗೆ ಹಾಕಿದರು. ಆಂಪ್ಲಿಫೈಯರ್ ಹಣೆಯ ವಿಭೂತಿಯನ್ನು ಒಣ ಬಟ್ಟೆಯಲ್ಲಿ ಒರೆಸಿದರು. ಕೆಟ್ಟ ನಾಲ್ಕನ್ನು ಎಸೆಯಲಿಲ್ಲ. ಬೇರೊಂದು ಚೀಲಕ್ಕೆ ಹಾಕಿ, ತಮ್ಮ ಮನೆಯ ಕೈಚೀಲದ ಪಕ್ಕ ಇಟ್ಟುಕೊಂಡರು.

"ಶುಕ್ರವಾರ ನೀವೇ ಮಾಡ್ತೀರಲ್ವಾ ಅಂಕಲ್?"

"ಶುಕ್ರವಾರ ನಿಮ್ಮಣ್ಣನ ಸೆಟ್ಟೇ ಬರ್ಲಿ. ನಾನು ಪಕ್ಕದಲ್ಲಿ ನಿಂತ್ಕಂಡು ನೋಡ್ತೀನಿ, ಎಂಗ್ ಮಾಡ್ತನೆ ಅಂತ. ಇಪ್ಪತ್ತೆರಡ್ ವರ್ಸ ನಾನು ಯಾರ್ನೂ ಕೇಳ್ಳಿಲ್ಲ." ಚೀಲ ಎತ್ತಿಕೊಂಡು, "ನಾಳೀಕ್ ನೀವಿಬ್ರೂ ಓಗ್ಬನ್ನಿ. ನಾನ್ಯಾವ್ ಮುಖ ಇಟ್ಕಂಡ್ ಬರ್ಲಿ" ಎಂದರು.

"ಈ ಮುಖಾನೇ ಇಟ್ಕಂಡ್ ಬನ್ನಿ" ಎಂದಳು ಮಾನ್ಯ. "ಶೇವಿಂಗ್ ಮಾತ್ರ ಮಾಡ್ಕಳಿ."

ಗೇಟಿನ ಹತ್ತಿರ "ನಾನು ನಕ್ಕಿದ್ದು ನಿನಗೆ ಮೊದಲೇ ಹೇಳಬೇಕಾಗಿತ್ತು" ಎಂದೆ. ಮಾನ್ಯ ನಡೆಯುತ್ತಲೇ ಇದ್ದಳು. ತಿರುವಿನಲ್ಲಿ ನಿಂತು, ಅಪ್ಪ ಮುಂದೆ ಹೋಗಲಿ ಎಂದು ಕಾದು, ನನ್ನ ಮುಖ ನೋಡದೆ ಹೇಳಿದಳು.

"ಅರಕಲಗೂಡ್ ಬಸ್ಸು ಎಂಟೂಮುಕ್ಕಾಲ್ಗೆ. ಎಂಟೂವರೆಗೆ ಸ್ಟ್ಯಾಂಡಲ್ಲಿ ಇರು. ಲೇಟ್ ಮಾಡ್ಬ್ಯಾಡ, ಅಪ್ಪಾಜಿ ಕಾಯ್ತಾ ನಿಂತ್ರೆ ವಾಪಸ್ ಓಯ್ತಾರೆ."

"ಎಂಟೂಕಾಲ್ಗೇ ಇರ್ತೀನಿ" ಎಂದೆ.